ಸುಳ್ಳು ಹುಳ

ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಸೊಸೆ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಇರಲಿಲ್ಲವೆಂದಲ್ಲ. ಆದರೆ ಅದೇ ಕೋಣೆಯಲ್ಲಿ, ಎರಡು ಮೇಜಿನಾಚೆ, ಅವಳ ಅತ್ತೆ ಕೂತಿರುತ್ತಿದ್ದರು. ಅತ್ತೆ ಕಣ್ಣೆದುರಿಗಿರುವ ಕಡೆ ಯಾವ ಹೆಣ್ಣಿಗೂ ಬೇರೆ ಹೆಸರು ಬಹಳ ದಿನ ನಿಲ್ಲುವುದಿಲ್ಲ.

ಅತ್ತೆಯ ಶಿಫಾರಸಿನಿಂದ ಸೊಸೆಗೆ ಕೆಲಸ ಸಿಕ್ಕಿತೆಂದು ಹೊಸಬರು ಅಂದುಕೊಳ್ಳುತ್ತಿದ್ದರು. ನಡೆದದ್ದು ಅದರ ತಿರುವುಮುರುವು. ಮಕ್ಕಳ ಡಾಕ್ಟರೊಬ್ಬರು ಆ ಪುಟ್ಟ ಕಂಪನಿ ತೆರೆದಾಗ ಮೊದಲು ಸೇರಿದವಳು ಸೊಸೆ. ಅವರು ಮಾಡುತ್ತಿದ್ದದ್ದು ಒಂದೇ ಸಾಫ್ಟ್‌ವೇರ್: ಮಗುವಿನ ತೂಕ, ವಯಸ್ಸು, ಜ್ವರ ಎಲ್ಲ ಹಾಕಿದರೆ ಯಾವ ಔಷಧಿಯನ್ನು ಎಷ್ಟು ಕೊಡಬೇಕೆಂದು ಅದು ಹೇಳಬೇಕು. ಹಾಗೆ ಹೇಳುವ ಒಂದೊಂದು ನಿಯಮವನ್ನೂ ವಾರ್ಡಿನಲ್ಲಿ ಪಳಗಿದವರು ಯಾರಾದರೂ ಓದಿ, ಒಪ್ಪಿ, ಸಹಿ ಹಾಕಬೇಕಿತ್ತು. ಸೊಸೆಯ ಅತ್ತೆ ಮಕ್ಕಳ ವಾರ್ಡಿನ ಹೆಡ್ ನರ್ಸ್ ಆಗಿ ನಿವೃತ್ತರಾಗಿ, ಮನೆಯಲ್ಲಿ ಕೂರಲಾರದೆ ಅಡುಗೆಮನೆಯ ಡಬ್ಬಿಗಳನ್ನು ದಿನಕ್ಕೆರಡು ಸಲ ಜೋಡಿಸುತ್ತಿದ್ದರು. ಡಬ್ಬಿಗಳ ಮೇಲೆ ಕನಿಕರ ಬಂದು ಸೊಸೆಯೇ ಡಾಕ್ಟರಮ್ಮನ ಹತ್ತಿರ ಮಾತಾಡಿದಳು. ಹೀಗೆ ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವ ಗಾದೆ ಆ ಮನೆಯ ಮಟ್ಟಿಗೆ ಕೆಲಸ ಬಿಟ್ಟಿತು. ಇಬ್ಬರಿಗೂ ಒಂದೇ ಕಾಲ, ಒಂದೇ ಬಸ್ಸು.

ಬಂದ ಮೊದಲ ವಾರವೇ ಅತ್ತೆ ಗಲಾಟೆ ಎಬ್ಬಿಸಿದರು. ಪ್ರೋಗ್ರಾಂ ಬರೆಯುವವರು ಪ್ರತಿ ನಿಯಮದ ತಲೆಯ ಮೇಲೆ, ಅದು ಏನು ಮಾಡುತ್ತದೆಂದು ಒಂದು ಸಾಲಿನ ವಿವರಣೆ ಬರೆದಿಡುತ್ತಾರೆ. ಯಂತ್ರ ಅದನ್ನು ಓದದೆ ದಾಟಿಕೊಂಡು ಹೋಗುತ್ತದೆ. ಅದು ಮನುಷ್ಯರಿಗೆ ಮಾತ್ರ. ಆ ಸಾಲುಗಳು ಇಂಗ್ಲಿಷಿನಲ್ಲಿದ್ದವು. ಇಂಗ್ಲಿಷ್ ಎಂದರೆ ಪ್ರೋಗ್ರಾಮರ್‌ಗಳ ಇಂಗ್ಲಿಷ್. ಒಂದರ ಬಾಲಕ್ಕೆ ಒಂದು ಕಟ್ಟಿದ ಮೂರು 'ಅಲ್ಲ'ಗಳು.

"ನಂಗೆ ಇಂಗ್ಲಿಷ್ ಬರುತ್ತೆ, ಅದು ಬೇರೆ ವಿಷಯ," ಎಂದರು ಅತ್ತೆ. "ಆದ್ರೆ ಇದು ಇಂಗ್ಲಿಷಲ್ಲ. ಎಡವಿ ಬಿದ್ದವರು ಗೊಣಗಿದ ಹಾಗಿದೆ. ಇದನ್ನ ಓದಿ ಔಷಧಿ ಕೊಟ್ರೆ ಮಗುಗಿಂತ ಮೊದ್ಲು ನಂಗೇ ಜ್ವರ ಬರುತ್ತೆ."

"ಮತ್ತೆ ಹೇಗೆ ಬರೀಲಿ ಅತ್ತೆ?"

"ಮನೇಲಿ ನನ್ನ ಹತ್ರ ಮಾತಾಡೋ ಹಾಗೆ ಬರಿ."

ಸೊಸೆ ಹಾಗೆಯೇ ಬರೆದಳು. ಮೊದಲು ಕನ್ನಡಕ್ಕೆ ತಂದದ್ದು ನಾಲ್ಕು ಜನ ಓದಿ, ತಲೆಯಾಡಿಸಿ, ಸರಿ ಎಂದು ಬಿಟ್ಟಿದ್ದ ನಿಯಮ. 'ಮಗುವಿನ ತೂಕ ಬರೆದಿಲ್ಲವಾದರೆ ಕಳೆದ ಸಲದ ತೂಕವನ್ನೇ ಹಿಡಿದು ಲೆಕ್ಕ ಹಾಕು.' ಅತ್ತೆ ಕನ್ನಡಕ ಮೇಲೆತ್ತಿದರು.

"ಕಳೆದ ಸಲ ಅಂದ್ರೆ ಯಾವಾಗ? ಎಂಟು ತಿಂಗಳ ಹಿಂದೆ ತೂಗಿದ್ರೆ? ಎಳೆ ಮಗು ಎಂಟು ತಿಂಗಳಲ್ಲಿ ಇನ್ನೊಂದೇ ಮಗು ಆಗಿರುತ್ತೆ."

ಡಾಕ್ಟರಮ್ಮ ಬಂದು ಓದಿದರು, ಇನ್ನೊಮ್ಮೆ ಓದಿದರು, ಇನ್ನು ಮೇಲೆ ಪ್ರತಿ ನಿಯಮದ ಮೇಲೂ ಕನ್ನಡದ ಸಾಲು ಇರಲೇಬೇಕೆಂದು ಅಪ್ಪಣೆ ಮಾಡಿದರು. ಸೊಸೆಗೆ ಅಂದು ಖುಷಿಯೋ ಖುಷಿ. ತಾನು ಬರೆದದ್ದನ್ನು ಯಾರೋ ನಿಜವಾಗಿ ಓದಿದರಲ್ಲ ಎಂಬ ಖುಷಿ ಅದು. ಪ್ರೋಗ್ರಾಂ ಬರೆಯುವವರಿಗೆ ಅಪರೂಪಕ್ಕೆ ಸಿಗುವಂಥದ್ದು.

ಅಲ್ಲಿಂದ ಹುಳದ ಕಾಟ ಶುರುವಾಯಿತು.

ಅವರು ಪ್ರೋಗ್ರಾಂ ಟೈಪ್ ಮಾಡುವ ಎಡಿಟರ್ ಸುಮ್ಮನೆ ಬರೆಸಿಕೊಳ್ಳುವ ಜಾತಿಯದಲ್ಲ. ಟೈಪ್ ಮಾಡುತ್ತಿರುವಾಗಲೇ ತಪ್ಪು ಹುಡುಕುತ್ತದೆ, ತಪ್ಪಿದ ಕಡೆ ಅಡಿಯಲ್ಲಿ ಅಂಕುಡೊಂಕಾದ ಕೆಂಪು ಗೆರೆ ಎಳೆಯುತ್ತದೆ. ಕಚೇರಿಯಲ್ಲಿ ಅದಕ್ಕೆ ಹುಳ ಎಂದು ಹೆಸರು. ಇಷ್ಟು ದಿನ ಹುಳ ಬಿದ್ದರೆ ತಪ್ಪಿದೆ ಎಂದೇ ಅರ್ಥ. ಈಗ ತಪ್ಪೇ ಇಲ್ಲದ ಕಡೆ ಬೀಳತೊಡಗಿತು. ಸೊಸೆ ಕೆಳಗೆ ಒಂದು ಬ್ರಾಕೆಟ್ ಮುಚ್ಚಿದರೆ ಮೇಲೆಲ್ಲೋ ಹುಳ. ಅದನ್ನು ನೋಡಲು ಮೇಲೆ ಹೋದರೆ ಅಲ್ಲಿ ಎಲ್ಲ ಸರಿಯಾಗಿದೆ. ಒಂದು ಅಲ್ಪವಿರಾಮ ಹಾಕಿದರೆ ಇನ್ನೂ ಮೂರು ಹುಳ. ಸಾಕಪ್ಪಾ ಎಂದು ಕಂಪೈಲ್ ಮಾಡಿದರೆ, ಅಂದರೆ ಬರೆದದ್ದನ್ನೆಲ್ಲ ಯಂತ್ರದ ಭಾಷೆಗೆ ಇಳಿಸಿದರೆ, ಒಂದೂ ತಪ್ಪಿಲ್ಲದೆ ಇಳಿಯುತ್ತದೆ. ತಪ್ಪಿದೆ ಎನ್ನುವುದೂ ಅದೇ ಕಂಪ್ಯೂಟರ್, ಇಲ್ಲ ಎನ್ನುವುದೂ ಅದೇ. ತಲೆಗೆ ಹುಳ ಬಿಡುವುದು ಎನ್ನುತ್ತಾರಲ್ಲ, ಅದರ ಅರ್ಥ ಅವಳಿಗೆ ಆಗ ತಿಳಿಯಿತು.

ತಂಡದ ಮುಖ್ಯಸ್ಥನಿಗೆ ಇದಕ್ಕೊಂದು ಮದ್ದು ಗೊತ್ತಿತ್ತು. ಅವನಿಗೆ ಎಲ್ಲಕ್ಕೂ ಒಂದು ಮದ್ದು ಗೊತ್ತಿರುತ್ತಿತ್ತು, ಅದಕ್ಕೇ ಅವನ ಹಿಂದೆ ಎಲ್ಲರೂ ಅವನನ್ನು ಶಾರ್ಟ್‌ಕಟ್ ಎನ್ನುತ್ತಿದ್ದರು. "ಫೈಲ್ ಮುಚ್ಚಿ, ಮತ್ತೆ ತೆಗೀರಿ. ಹುಳ ಹೋಗುತ್ತೆ." ಹೋಗುತ್ತಿತ್ತು, ನಿಜ. ಮತ್ತೆ ನಾಲ್ಕಕ್ಷರ ಟೈಪ್ ಮಾಡುವವರೆಗೆ. ಆಮೇಲೆ ಮತ್ತೆ ಮುಚ್ಚು, ಮತ್ತೆ ತೆಗೆ. ಅರ್ಧ ದಿನ ಬಾಗಿಲು ಕಾಯುವುದರಲ್ಲೇ ಹೋಗುತ್ತಿತ್ತು.

ಶಾರ್ಟ್‌ಕಟ್ ದಡ್ಡನಲ್ಲ. ಒಂದು ಮಂಗಳವಾರ ಅವನು ಡಾಕ್ಟರಮ್ಮನ ಎದುರಿಗೆ ಎಲ್ಲರನ್ನೂ ಕೂರಿಸಿ, ಒಂದು ಫೈಲಿನಿಂದ ಕನ್ನಡದ ಸಾಲುಗಳನ್ನೆಲ್ಲ ಅಳಿಸಿ ತೋರಿಸಿದ. ಟೈಪ್ ಮಾಡಿದ. ಹುಳ ಇಲ್ಲ. ಕನ್ನಡ ಮರಳಿ ಹಾಕಿದ. ಹುಳ.

"ನಂಗೆ ಕನ್ನಡದ ಮೇಲೆ ದ್ವೇಷ ಇಲ್ಲ ಮೇಡಂ. ಆದ್ರೆ ಈ ಯಂತ್ರಕ್ಕೆ ಅದು ಒಗ್ಗಲ್ಲ. ಸಾಲುಗಳನ್ನ ಇಂಗ್ಲಿಷಿಗೆ ತಿರುಗಿಸೋದು ನನ್ನ ಕೆಲಸ. ಶುಕ್ರವಾರ ಸಂಜೆಗೆ ಮುಗಿಸ್ತೀನಿ."

ಡಾಕ್ಟರಮ್ಮ ಅತ್ತೆಯ ಕಡೆ ನೋಡದೆ ಹೇಳಿದರು. "ಬೇಡ ಅಂತಲ್ಲ ಸಿಸ್ಟರ್. ಆಗಲ್ಲ ಅಂತ. ಕೆಲಸ ನಿಂತು ಹೋಗಿದೆ."

"ಆಗಲಿ," ಎಂದರು ಅತ್ತೆ. "ಸಾಲುಗಳ ಜೊತೆ ನನ್ನ ಸಹಿಯನ್ನೂ ತೆಗೆದುಬಿಡಿ. ಓದಿದ ಹಾಗೆ ಮಾಡಿ ಸಹಿ ಹಾಕಿದ್ರೆ ಏನಾಗುತ್ತೆ ಅಂತ ನಾನು ವಾರ್ಡಲ್ಲಿ ನೋಡಿದೀನಿ. ಇನ್ನೊಂದು ಸಲ ನೋಡೋ ಆಸೆ ಇಲ್ಲ."

ಸಹಿ ಹಾಕಲು ಬೇರೆ ಯಾರಾದರೂ ಸಿಗುತ್ತಾರೆ, ಅದು ಎಲ್ಲರಿಗೂ ಗೊತ್ತಿತ್ತು. ಸಿಕ್ಕವರು ಓದುತ್ತಾರೋ ತಲೆಯಾಡಿಸುತ್ತಾರೋ, ಅದು ಗೊತ್ತಿರಲಿಲ್ಲ. ಸಂಜೆ ಬಸ್ಸಿನಲ್ಲಿ ಅತ್ತೆ ಕಿಟಕಿಯ ಹೊರಗೇ ನೋಡುತ್ತಿದ್ದರು. ಬೈದಿದ್ದರೆ ಸೊಸೆಗೆ ಸಮಾಧಾನವಾಗುತ್ತಿತ್ತು. ಅವಳಿಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಹೊಳೆಯಲಿಲ್ಲ. ಎಲ್ಲರೂ ನ್ಯಾಯವಾಗಿಯೇ ಮಾತಾಡಿದ್ದರು. ಆದರೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಿತ್ತು. ಹಾಗಾದರೆ ಎತ್ತು ಯಾವುದು? ಅದನ್ನು ಶುಕ್ರವಾರದೊಳಗೆ ಹಿಡಿಯಬೇಕಿತ್ತು.

ಬುಧವಾರ ಪೂರ್ತಿ ಅವಳು ಹಿಡಿದದ್ದು ಗಾಳಿಯನ್ನು. ಎಡಿಟರನ್ನು ಕಿತ್ತು ಹೊಸದಾಗಿ ಹಾಕಿದಳು, ಬೇರೆ ಕಂಪ್ಯೂಟರಿನಲ್ಲಿ ನೋಡಿದಳು, ಅಕ್ಷರದ ಫಾಂಟ್ ಬದಲಿಸಿದಳು. ಹುಳ ಮಾತ್ರ ತನ್ನ ಪಾಡಿಗೆ ಬೀಳುತ್ತಿತ್ತು.

ಗುರುವಾರ ಬೆಳಿಗ್ಗೆ ಅವಳು ಹಲ್ಲುಜ್ಜುತ್ತಿರುವಾಗ ಹಜಾರದಲ್ಲಿ ಅತ್ತೆ ಮಾವನ ಜಗಳ ನಡೆದಿತ್ತು. ಮಾವನಿಗೆ ಪತ್ರಿಕೆಯ ಪದಬಂಧ ಬಿಡಿಸದೆ ಕಾಫಿ ಇಳಿಯುವುದಿಲ್ಲ, ಅತ್ತೆಗೆ ಅದರಲ್ಲಿ ತಪ್ಪು ಹುಡುಕದೆ ಕಾಫಿ ಇಳಿಯುವುದಿಲ್ಲ. ಅವತ್ತಿನ ಸುಳಿವು 'ವ್ಯಾಕರಣದ ಹೆಣ್ಣು', ನಾಲ್ಕು ಚೌಕ. ಮಾವ 'ಸ್ತ್ರೀಲಿಂಗ' ಎಂದು ತುಂಬಿದ್ದರು. ಒಂದು ಚೌಕ ಉಳಿದುಬಿಡುತ್ತದೆಂದು ಸ್ತ್ರೀಯನ್ನು ಸೀಳಿ ಮೊದಲ ಚೌಕಕ್ಕೆ 'ಸ್', ಎರಡನೆಯದಕ್ಕೆ 'ತ್ರೀ' ಹಾಕಿದ್ದರು.

"ಒಂದೇ ಅಕ್ಷರಾನ ಎರಡು ಮನೆಗೆ ಹಂಚ್ತೀರಾ?" ಅತ್ತೆಯ ದನಿ ಎರಡು ದಿನದ ಮೇಲೆ ಮೊದಲ ಸಲ ಏರಿತ್ತು. "ಸ್ತ್ರೀ ಅಂದ್ರೆ ಒಂದು."

"ಎಲ್ಲಿ ಒಂದು? ಸ ಇದೆ, ತ ಇದೆ, ರ ಇದೆ, ಮೇಲೆ ದೀರ್ಘ ಇದೆ. ಎಣಿಸಿ ನೋಡು, ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳ್ತಾರೆ."

"ಬಾಯಿಂದ ಒಂದೇ ಸಲ ಬರುತ್ತಲ್ಲ, ಅದಕ್ಕೆ ಒಂದು."

ಸೊಸೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹಜಾರಕ್ಕೆ ಬಂದು ನಿಂತಳು. ಒಬ್ಬೊಬ್ಬರು ಒಂದೊಂದು ಲೆಕ್ಕ. ಬ್ರಷ್ ಕಾಫಿ ಲೋಟದೊಳಗೆ ಬಿಟ್ಟು ಲ್ಯಾಪ್‌ಟಾಪ್ ತೆರೆದಳು. ಅದು ಮಾವನ ಲೋಟ. ಅವರು ಲೋಟದೊಳಗೆ ಇಣುಕಿದರು. ಖಾಲಿ ಫೈಲಿನಲ್ಲಿ 'ಸ್ತ್ರೀ' ಎಂದಷ್ಟೇ ಬರೆದಳು. ಅತ್ತೆಯ ಲೆಕ್ಕದಲ್ಲಿ ಒಂದು. ಎಡಿಟರಿನ ಮೂಲೆಯಲ್ಲಿ ಎಣಿಕೆ ಆರು ತೋರಿಸಿತು: ಸ, ಒಂದು ಒತ್ತು, ತ, ಇನ್ನೊಂದು ಒತ್ತು, ರ, ದೀರ್ಘ. ಫೈಲನ್ನು ಉಳಿಸಿ, ಡಿಸ್ಕಿನಲ್ಲಿ ಅದು ಎಷ್ಟು ಜಾಗ ಹಿಡಿದಿದೆ ನೋಡಿದಳು. ಹದಿನೆಂಟು. ಆರು ತುಂಡು, ತುಂಡಿಗೆ ಮೂರು ಬೈಟು. ಆಮೇಲೆ ಇಂಗ್ಲಿಷಿನ ಒಂದು ಅಕ್ಷರ ಬರೆದು ನೋಡಿದಳು. ಅಲ್ಲಿ ಅಳಿಯ ಅಲ್ಲ ಮಗಳ ಗಂಡ; ಯಾವ ಲೆಕ್ಕದಲ್ಲಿ ಎಣಿಸಿದರೂ ಒಂದೇ.

ಎತ್ತು ಸಿಕ್ಕಿತು.

ಎಡಿಟರ್ ತಾನೇ ತಪ್ಪು ಹುಡುಕುವುದಿಲ್ಲ. ಅದರ ಹಿಂದೆ ಇನ್ನೊಂದು ಪುಟ್ಟ ಪ್ರೋಗ್ರಾಂ ಗುಮಾಸ್ತನಂತೆ ಕೂತಿರುತ್ತದೆ. ಫೈಲ್ ತೆರೆದಾಗ ಗುಮಾಸ್ತ ಅದರ ಪೂರ್ತಿ ಪ್ರತಿಯೊಂದನ್ನು ಇಟ್ಟುಕೊಳ್ಳುತ್ತಾನೆ. ಆಮೇಲೆ ನೀವು ಟೈಪ್ ಮಾಡಿದಂತೆಲ್ಲ ಎಡಿಟರ್ ಅವನಿಗೆ ಕೂಗಿ ಹೇಳುತ್ತದೆ: "ಮೊದಲಿಂದ ಎಣಿಸು, ಇನ್ನೂರನೆಯದರ ನಂತರ ಒಂದು ಬ್ರಾಕೆಟ್ ಸೇರಿಸು." ಎಡಿಟರ್ ಎಣಿಸುವುದು ತುಂಡುಗಳನ್ನು. ಗುಮಾಸ್ತ ಎಣಿಸುವುದು ಬೈಟುಗಳನ್ನು. ಇಂಗ್ಲಿಷ್ ಇರುವವರೆಗೆ ಇಬ್ಬರ ಲೆಕ್ಕವೂ ಒಂದೇ, ಜಗಳವಿಲ್ಲ. ದಾರಿಯಲ್ಲಿ ಒಂದು 'ಸ್ತ್ರೀ' ಬಂದರೆ ಎಡಿಟರ್ ಆರು ಎಂದಲ್ಲಿ ಗುಮಾಸ್ತ ಹದಿನೆಂಟು ಎಣಿಸಿ, ಇನ್ನೂರು ಮುಟ್ಟುವುದು ಹನ್ನೆರಡು ಸ್ಥಾನ ಮೊದಲೇ. ಬ್ರಾಕೆಟನ್ನು ಅಲ್ಲೇ, ಯಾರದೋ ಹೊಟ್ಟೆಯೊಳಗೆ ಚುಚ್ಚಿ, "ಇಲ್ಲಿ ತಪ್ಪಿದೆ" ಎಂದು ತಾನೇ ಬೊಬ್ಬೆ ಹೊಡೆಯುತ್ತಾನೆ. ಫೈಲ್ ಮುಚ್ಚಿ ತೆಗೆದರೆ ಹೊಸ ಪ್ರತಿ ಸಿಗುತ್ತದೆ, ಸುಮ್ಮನಾಗುತ್ತಾನೆ. ಕಂಪೈಲ್ ಮಾಡುವಾಗ ಅವನನ್ನು ಯಾರೂ ಕೇಳುವುದೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಶಾರ್ಟ್‌ಕಟ್ ಸಾಲುಗಳನ್ನು ಅಳಿಸಲು ಕೂರುವ ಮೊದಲೇ ಸೊಸೆ ಎಲ್ಲರನ್ನೂ ಗೋಡೆಯ ಪರದೆಯ ಮುಂದೆ ಕರೆದಳು. ಡಾಕ್ಟರಮ್ಮ ನಿಂತೇ ಇದ್ದರು, ಕೈಯಲ್ಲಿ ಕಾರಿನ ಕೀಲಿ. ಅತ್ತೆ ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ಪರದೆಯ ಮೇಲೆ ಹತ್ತು ಚಿಕ್ಕ ಸಾಲು. ಸಾಲಿಗೆ ಹನ್ನೆರಡು ಸ್ಥಾನ, ಸಾಲು ಮುಗಿದ ಗುರುತೂ ಸೇರಿ. ಒಂಬತ್ತನೇ ಸಾಲಿನ ಕೊನೆಯ ಬ್ರಾಕೆಟನ್ನು ಮಾತ್ರ ಬೇಕೆಂದೇ ಬಿಟ್ಟಿದ್ದಳು.

"ಮೊದಲನೇ ಸಾಲಿನ ಮೇಲೆ ಒಂದು ಸಲ 'ಸ್ತ್ರೀ' ಅಂತ ಬರೀತೀನಿ. ಆಮೇಲೆ ಒಂಬತ್ತರಲ್ಲಿ ಬ್ರಾಕೆಟ್ ಹಾಕ್ತೀನಿ. ಬ್ರಾಕೆಟ್ ಹೆಚ್ಚಾಯ್ತು ಅಂತ ಹುಳ ಬೀಳೋದು ಎಂಟನೇ ಸಾಲಲ್ಲಿ."

ಬ್ರಾಕೆಟ್ ಹಾಕಿದಳು. ಎಂಟನೇ ಸಾಲಿನ ಕೆಳಗೆ ಹುಳ ಮೂಡಿತು.

"ಎರಡು ಸಲ ಬರೆದ್ರೆ ಏಳನೇ ಸಾಲು."

ಏಳನೇ ಸಾಲು.

"ಮೂರು?" ಎಂದು ಕೇಳಿದರು ಡಾಕ್ಟರಮ್ಮ. ಕೀಲಿ ಪರ್ಸಿನೊಳಗೆ ಹೋಗಿತ್ತು.

"ನೀವೇ ಹೇಳಿ ಮೇಡಂ."

"ಆರು."

ಆರು. ಸುಳ್ಳು ಹುಳ ಅವಳು ಹೇಳಿದ ಕಡೆ ಬಂದು ಕೂರುತ್ತಿತ್ತು, ಕರೆದ ಕಡೆ ಬರುವ ನಾಯಿಮರಿಯ ಹಾಗೆ. ಒಂದು ತಿಂಗಳಿಂದ ಎಲ್ಲರ ಜೀವ ತಿಂದ ಹುಳ ಅದು. ಸೊಸೆಗೆ ಜೋರಾಗಿ ನಗಬೇಕೆನಿಸಿತು. ತಡೆದುಕೊಂಡು ಗುಮಾಸ್ತನ ಎಣಿಕೆಯ ಕಥೆ ಹೇಳಿದಳು.

ಶಾರ್ಟ್‌ಕಟ್ ಕೈ ಕಟ್ಟಿ ಕೇಳಿದ. ಆಮೇಲೆ, "ಚೆನ್ನಾಗಿದೆ. ಆದ್ರೆ ನಾನು ಹೇಳಿದ್ದೇ ಆಯ್ತಲ್ಲ," ಎಂದ. "ಕನ್ನಡ ಇದ್ರೆ ಹುಳ, ಇಲ್ದಿದ್ರೆ ಇಲ್ಲ. ಕಾರಣ ಗೊತ್ತಾಯ್ತು ಅಷ್ಟೆ. ತೆಗೀಬೇಕಾದ್ದು ತೆಗೀಲೇಬೇಕು."

ಈ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಬರಲಿ ಎಂದೇ ಕಾದಿದ್ದಳು.

"ಸರಿ ಸಾರ್, ತೆಗೆದೆ," ಎಂದು ಕನ್ನಡವನ್ನೆಲ್ಲ ಅಳಿಸಿದಳು. "ಈಗ ನಿಮ್ಮ ಜ್ವರದ ಫೈಲಿಂದ ಮೇಲಿನ ನಾಲ್ಕು ವಿವರಣೆ ಸಾಲು ತಂದು ಇಲ್ಲಿ ಅಂಟಿಸ್ತೀನಿ. ಎಲ್ಲಾ ಇಂಗ್ಲಿಷೇ. ಹೌದಾ?"

"ಹೌದು."

"ಅದ್ರಲ್ಲಿ ಡಿಗ್ರಿ ಗುರುತು ಎಷ್ಟಿದೆ, ಎಣಿಸಿ."

ಜ್ವರದ ಅಂಕಿಯ ಹೆಗಲ ಮೇಲೆ ಕೂರುವ ಆ ಪುಟ್ಟ ಸೊನ್ನೆ. ಅವನು ಬೆರಳಿಟ್ಟು ಎಣಿಸಿದ. ಹನ್ನೆರಡು.

"ಅದು ಎಡಿಟರಿಗೆ ಒಂದು, ಗುಮಾಸ್ತನಿಗೆ ಎರಡು. ಹನ್ನೆರಡು ಸಲಕ್ಕೆ ಹನ್ನೆರಡು ಹೆಚ್ಚು. ಹುಳ ಎಲ್ಲಿ ಬೀಳುತ್ತೆ ಸಾರ್? ಈ ಸಲ ಬ್ರಾಕೆಟ್ ನೀವೇ ಹಾಕಿ."

ಅವನು ಬಗ್ಗಿ, ಒಂಬತ್ತನೇ ಸಾಲಿನ ಕೊನೆಗೆ ತನ್ನ ಕೈಯಾರೆ ಬ್ರಾಕೆಟ್ ಹಾಕಿದ. ಅಪ್ಪಟ ಇಂಗ್ಲಿಷಿನ ಫೈಲಿನಲ್ಲಿ, ಎಂಟನೇ ಸಾಲಿನ ಅಡಿ, ಹುಳ ಬಂದು ಕೂತಿತು.

"ಜ್ವರದ ಫೈಲಲ್ಲಿ ನಂಗೆ ಆಗಾಗ ಹುಳ ಕಾಣ್ತಿತ್ತು," ಎಂದ ಅವನು, ತಡವಾಗಿ. "ಕೀಬೋರ್ಡ್ ಸರಿಯಿಲ್ಲ ಅಂದ್ಕೊಂಡೆ. ಎರಡು ಕೀಬೋರ್ಡ್ ಬದಲಾಯಿಸಿದೆ."

ಮೊದಲು ನಕ್ಕವನು ಅವನೇ. ಆಮೇಲೆ ಕೋಣೆಯೆಲ್ಲ ನಕ್ಕಿತು. ಅವನ ಬಗ್ಗೆ ಇಷ್ಟಾದರೂ ಒಳ್ಳೆಯ ಮಾತು ಹೇಳಲೇಬೇಕು: ಸೋತರೆ ಸೋತೆ ಎನ್ನುವ ಮನುಷ್ಯ.

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕೆ ಹೊರಟಿದ್ವಿ," ಎಂದರು ಡಾಕ್ಟರಮ್ಮ. "ಸಾಲುಗಳು ಇರಲಿ. ಆದ್ರೆ ಹುಳ?"

"ಅದನ್ನ ನಿನ್ನೆ ಸಂಜೆನೇ ಸರಿ ಮಾಡಿದೆ ಮೇಡಂ." ಆ ಗುಮಾಸ್ತನನ್ನು ಬರೆದವರು ತಮ್ಮ ಕೆಲಸವನ್ನು ಯಾರು ಬೇಕಾದರೂ ನೋಡಿ ತಿದ್ದುವಂತೆ ಹೊರಗೇ ಇಟ್ಟಿದ್ದರು. ಸೊಸೆ ಬೈಟಿನ ಬದಲು ತುಂಡು ಎಣಿಸುವಂತೆ ಒಂದು ಕಡೆ ತಿದ್ದಿದ್ದಳು. ಆ ಹೊಸ ಗುಮಾಸ್ತನನ್ನು ಕೂರಿಸಿ, ಎಲ್ಲಕ್ಕಿಂತ ಹೆಚ್ಚು ಕನ್ನಡವಿದ್ದ ಫೈಲ್ ತೆರೆದು, ಕೀಬೋರ್ಡನ್ನು ಶಾರ್ಟ್‌ಕಟ್‌ನ ಕಡೆ ತಳ್ಳಿದಳು. ಅವನು ಟೈಪ್ ಮಾಡಿದ. ಅಳಿಸಿದ. ನಡುವೆ ತೂರಿಸಿದ. ಹುಳ ಬೀಳಲಿಲ್ಲ. ಬೇಕೆಂದೇ ಒಂದು ತಪ್ಪು ಮಾಡಿದ. ಹುಳ ಬಿತ್ತು, ತಪ್ಪಿದ್ದ ಕಡೆಯೇ ಬಿತ್ತು. ಕೆಂಪು ಗೆರೆ ಕಂಡು ಒಂದು ಕಚೇರಿಯ ಜನ ಚಪ್ಪಾಳೆ ತಟ್ಟಿದ್ದು ಅದೇ ಮೊದಲಿರಬೇಕು.

ಸಂಜೆ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ನೋಡಲಿಲ್ಲ.

"ಹೆಮ್ಮೆ ಆಯ್ತು ಕಣೇ," ಎಂದರು. ಅಡುಗೆ ಚೆನ್ನಾಗಿದ್ದರೂ ಉಪ್ಪು ಸರಿಯಾಗಿದೆ ಎಂದಷ್ಟೇ ಹೇಳುವವರ ಬಾಯಲ್ಲಿ ಆ ಮಾತು ಕೇಳಿ ಸೊಸೆ ಅವರ ಕಡೆ ತಿರುಗಿ ಕೂತಳು. "ನಾನು ಕೆಲಸ ಹೋಯ್ತು ಅಂತ ಅತ್ತಿರಲಿಲ್ಲ. ಮಕ್ಕಳ ಔಷಧಿ ಯಾರೋ ಓದದೆ ದಾಟಿಸ್ತಾರಲ್ಲ ಅಂತ ಸಂಕಟ ಆಗಿತ್ತು."

"ನೀವು ಅತ್ರಾ ಅತ್ತೆ?"

"ಅಳಲಿಲ್ಲ ಅಂದೆನಲ್ಲ."

ತಿದ್ದಿದ್ದನ್ನು ಸೊಸೆ ಗುಮಾಸ್ತನನ್ನು ಬರೆದವರಿಗೂ ಕಳಿಸಿದ್ದಳು, ಎಲ್ಲರೂ ನೋಡುವಂತೆ. ಸೋಮವಾರ ಬಂದು ನೋಡಿದರೆ ಅದನ್ನು ಅವರು ಒಪ್ಪಿ ಸೇರಿಸಿಯೂ ಆಗಿತ್ತು. ಅದರ ಕೆಳಗೆ ಯಾರ್ಯಾರೋ ಬರೆದಿದ್ದರು. ಬೇರೆ ಬೇರೆ ಲಿಪಿಯವರು; ಬಲದಿಂದ ಎಡಕ್ಕೆ ಬರೆಯುವವರು, ಒಂದೊಂದು ಅಕ್ಷರಕ್ಕೂ ಚಿತ್ರದಂಥ ರೂಪ ಇರುವವರು. ಒಬ್ಬರು ಎರಡು ವರ್ಷದಿಂದ ಈ ಹುಳದ ಜೊತೆ ಬದುಕುತ್ತಿದ್ದರಂತೆ. ಇನ್ನೊಬ್ಬರು ಬರೆದದ್ದನ್ನು ಸೊಸೆ ಅತ್ತೆಗೆ ಓದಿ ಹೇಳಿದಳು: ತಪ್ಪು ನಮ್ಮ ಅಕ್ಷರದ್ದೇ ಎಂದುಕೊಂಡು ನಾವು ಎಲ್ಲವನ್ನೂ ಅಳಿಸಿಬಿಟ್ಟಿದ್ದೆವು, ಇವತ್ತು ಮರಳಿ ಬರೆಯಲು ಕೂತಿದ್ದೇವೆ. ಅತ್ತೆ ಅದನ್ನು ಇನ್ನೊಮ್ಮೆ ಓದಿಸಿಕೊಂಡರು.

ಅವತ್ತೇ ಮಧ್ಯಾಹ್ನ ಶಾರ್ಟ್‌ಕಟ್ ತನ್ನ ಜ್ವರದ ಫೈಲನ್ನು ಸಹಿಗೆ ತಂದ. ಇಂಗ್ಲಿಷಿನ ಸಾಲುಗಳನ್ನು ತೆಗೆದು, ಯಾರನ್ನೂ ಕೇಳದೆ, ತಾನೇ ಕೂತು ಕನ್ನಡದಲ್ಲಿ ಬರೆದಿದ್ದ. ಶಾಲೆ ಬಿಟ್ಟ ಮೇಲೆ ಅವನು ಕನ್ನಡ ಬರೆದದ್ದು ಅದೇ ಮೊದಲು, ಬೆವರಿದ್ದ. ಪರದೆಯ ಮೇಲೆ ಎಲ್ಲಿಯೂ ಒಂದು ಕೆಂಪು ಗೆರೆ ಇರಲಿಲ್ಲ. 'ಜ್ವರ ಅದಿಕವಾಗಿದ್ದು ಮಗು ಮೂರು ತಿಂಗಳಿಗಿಂತ ಚಿಕ್ಕದಾಗಿದ್ದರೆ ಔಷಧಿ ಹೇಳಬೇಡ, ಡಾಕ್ಟರನ್ನು ಕರೆ.'

ಅತ್ತೆ ನಿಧಾನವಾಗಿ, ಪ್ರತಿ ಪದಕ್ಕೂ ಬೆರಳಿಟ್ಟು ಓದಿದರು. ಎರಡನೇ ಪದದಲ್ಲಿ ಬೆರಳು ನಿಂತಿತು.

"ನಿಯಮ ಸರಿ ಇದೆ. ಇದರ ಹೊಟ್ಟೆ ಸೀಳಪ್ಪಾ."

ಶಾರ್ಟ್‌ಕಟ್ ಗಾಬರಿಯಾಗಿ ಪರದೆ ನೋಡಿದ, ಸೊಸೆಯ ಮುಖ ನೋಡಿದ. "ಯಾರ ಹೊಟ್ಟೆ ಸಿಸ್ಟರ್?"

"ದ-ದು."

ಅವನು ಹುಡುಕಿ ಹುಡುಕಿ ಕೀಲಿ ಒತ್ತಿ, 'ಅದಿಕ'ವನ್ನು 'ಅಧಿಕ' ಮಾಡಿದ. ಅತ್ತೆ ಮೊದಲಿಂದ ಇನ್ನೊಂದು ಸಲ ಪೂರ್ತಿ ಓದಿ, ಸಹಿ ಹಾಕಿದರು.